ಸ್ಟ್ರೇಸ್: ಸಾಕೆಟ್ ಕಾಲ್‌ಗಳನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಟೂಲ್ ನನಗೆ ಸಿಕ್ಕಿಲ್ಲ

ನೆಟ್‌ವರ್ಕ್ ಕೋಡ್ ಬರೆಯಲು ಶುರು ಮಾಡಿದವರು ಯಾವ ಟೂಲ್ ಮೊದಲು ಕಲಿಯಲಿ ಅಂತ ಕೇಳಿದರೆ ನನ್ನ ಉತ್ತರ ಸ್ಟ್ರೇಸ್ (strace). ಡಿಬಗರ್ ಆಮೇಲೆ ಬರಲಿ, ನೆಟ್‌ವರ್ಕ್ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಕೂಡ ಆಮೇಲೆ ಬರಲಿ. ಸರ್ವರ್‌ಗಳ ಮೇಲೆ ಓಡುವ ಪ್ರೋಗ್ರಾಂಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಏನಾದರೂ ಕೆಟ್ಟಾಗ ಲಾಗ್ ಒಂದು ಹೇಳುತ್ತದೆ, ಲೈಬ್ರರಿಯ ಎರರ್ ಮೆಸೇಜ್ ಇನ್ನೊಂದು ಹೇಳುತ್ತದೆ, ಕೋಡ್ ಬರೆದವರ ನೆನಪು ಮೂರನೆಯದೇ ಹೇಳುತ್ತದೆ. ಸ್ಟ್ರೇಸ್ ಯಾರ ಮಾತನ್ನೂ ನಂಬುವುದಿಲ್ಲ. ಪ್ರೋಗ್ರಾಂ ಕರ್ನಲ್ ಹತ್ತಿರ (ಆಪರೇಟಿಂಗ್ ಸಿಸ್ಟಂನ ತಿರುಳು ಅದು) ಏನು ಕೇಳಿತು, ಕರ್ನಲ್ ಏನು ಉತ್ತರ ಕೊಟ್ಟಿತು ಅನ್ನುವುದನ್ನು ಇದ್ದ ಹಾಗೆ ಸಾಲುಸಾಲಾಗಿ ಬರೆದಿಡುತ್ತದೆ. ಇಂಥ ಒಂದೊಂದು ಕೇಳಿಕೆಗೂ ಸಿಸ್ಟಂ ಕಾಲ್ ಅಂತ ಹೆಸರು. ಇಲ್ಲಿ ನಾನು ಸಾಕೆಟ್ ಕಾಲ್‌ಗಳ (ನೆಟ್‌ವರ್ಕ್ ಕನೆಕ್ಷನ್ ತೆರೆದು ಡೇಟಾ ಕಳಿಸಿ ತರಿಸುವ ಕಾಲ್‌ಗಳು) ಮಟ್ಟಿಗೆ ಮಾತ್ರ ಅದರ ಬಗ್ಗೆ ಬರೆಯುತ್ತೇನೆ.

ಟೂಲ್ ಹಳೆಯದು. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಸನ್‌ಓಎಸ್‌ಗಾಗಿ ಬರೆದದ್ದು, ಆಮೇಲೆ ಲಿನಕ್ಸ್‌ಗೆ ಬಂತು, ಈಗ ಬೆಳೆಯುತ್ತಿರುವುದೂ ಅಲ್ಲೇ. ಅದು ತೋರಿಸುವ ಕಾಲ್‌ಗಳು ಇನ್ನೂ ಹಳೆಯವು. ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್, ಕನೆಕ್ಟ್ ಎಲ್ಲ 1983ರ 4.2ಬಿಎಸ್‌ಡಿ ಅನ್ನುವ ಯುನಿಕ್ಸ್ ಆವೃತ್ತಿಯ ಜೊತೆ ಬಂದವು. ಇವತ್ತಿಗೂ ಅದೇ ಹೆಸರು, ಹೆಚ್ಚುಕಡಿಮೆ ಅದೇ ಅರ್ಥ.

ಓಡಿಸುವುದು ಸುಲಭ. ನಿಮ್ಮ ಕಮಾಂಡ್‌ಗೆ ಮುಂಚೆ ಸ್ಟ್ರೇಸ್ ಅಂತ ಸೇರಿಸಿದರೆ ಸಾಕು. ಆದರೆ ಸುಮ್ನೆ ಹಾಗೆ ಓಡಿಸಿದರೆ ಫೈಲ್ ತೆರೆದದ್ದು, ಮೆಮೊರಿ ಮ್ಯಾಪ್ ಮಾಡಿದ್ದು ಎಲ್ಲ ಸೇರಿ ಸ್ಕ್ರೀನ್ ತುಂಬಿಹೋಗುತ್ತದೆ. ಅದಕ್ಕೆ ‘-ಇ ಟ್ರೇಸ್=%ನೆಟ್‌ವರ್ಕ್’ ಅಂತ ಒಂದು ಸೋಸುವ ಆಯ್ಕೆ ಇದೆ. ಇಲ್ಲಿಯೇ ನನ್ನ ಮೊದಲ ತಕರಾರು. ಈ ಗುಂಪಿನಲ್ಲಿ ರೀಡ್, ರೈಟ್ ಇಲ್ಲ, ಸಾಕೆಟ್ ತಯಾರಾಗುವವರೆಗೆ ಕಾಯುವ ಪೋಲ್, ಈಪೋಲ್ ಕೂಡ ಇಲ್ಲ. ಆದರೆ ಸಾಕೆಟ್ ಅಂದರೆ ಕರ್ನಲ್ ಲೆಕ್ಕದಲ್ಲಿ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಕೊಡುವ ನಂಬರ್) ತಾನೆ? ಎಷ್ಟೋ ಪ್ರೋಗ್ರಾಂಗಳು ಸೆಂಡ್, ರಿಸೀವ್ ಮುಟ್ಟುವುದೇ ಇಲ್ಲ. ಸಾಕೆಟ್ ಮೇಲೆ ನೇರವಾಗಿ ರೀಡ್, ರೈಟ್ ಮಾಡುತ್ತವೆ. ಹೊಸಬರು %ನೆಟ್‌ವರ್ಕ್ ಒಂದನ್ನೇ ಕೊಟ್ಟು, ಕನೆಕ್ಷನ್ ಆಗಿದೆ ಆದರೆ ಡೇಟಾನೇ ಹೋಗುತ್ತಿಲ್ಲ ಅಂದುಕೊಳ್ಳುತ್ತಾರೆ. ಫೈಲ್ ಡಿಸ್ಕ್ರಿಪ್ಟರ್ ಮುಟ್ಟುವ ಕಾಲ್‌ಗಳ %ಡೆಸ್ಕ್ ಗುಂಪನ್ನೂ ಜೊತೆಗೆ ಕೊಡಿ. ಗಲಾಟೆ ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ಚಿತ್ರ ಪೂರ್ತಿ ಸಿಗುತ್ತದೆ.

-ಎಫ್ ಕೊಡದಿದ್ದರೆ ಬೇರೆ ಥ್ರೆಡ್‌ಗಳು (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕವಲುಗಳು) ಮಾಡಿದ್ದು ಕಾಣುವುದಿಲ್ಲ. -ವೈವೈ ಕೊಟ್ಟರೆ ಬರೀ 5 ಅನ್ನುವ ನಂಬರಿನ ಬದಲು ಅದು ಟಿಸಿಪಿ ಸಾಕೆಟ್, ಈ ಕಡೆ ಇಂಥ ವಿಳಾಸ, ಆ ಕಡೆ ಇಂಥ ವಿಳಾಸ ಅಂತ ಪಕ್ಕದಲ್ಲೇ ಬರೆಯುತ್ತದೆ. ಆ ವಿವರವನ್ನು ಅದು ನೆಟ್‌ಲಿಂಕ್ ಅನ್ನುವ ದಾರಿಯ ಮೂಲಕ ಕರ್ನಲ್ ಹತ್ತಿರವೇ ಕೇಳಿ ತರುತ್ತದೆ. ಡೇಟಾವನ್ನು 32 ಅಕ್ಷರಕ್ಕೇ ಕತ್ತರಿಸುವುದು ಇದರ ರೂಢಿ. -ಎಸ್ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಇವೆಲ್ಲ ಕೇಳದೆಯೇ ಸಿಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಈಗಿನ ಕಾಲದಲ್ಲಿ ಒಂದೇ ಥ್ರೆಡ್ ಇರುವ ಸರ್ವರ್ ಎಲ್ಲಿದೆ?

ಇದರ ಬೆಲೆ ಗೊತ್ತಾಗಬೇಕಾದರೆ ಒಂದು ಮಾಮೂಲಿ ಕರ್ಲ್ ಕಮಾಂಡನ್ನು ಅದರ ಕೆಳಗೆ ಓಡಿಸಿ ನೋಡಿ. ಒಂದು ವೆಬ್‌ಪೇಜ್ ತರುವುದು, ಅಷ್ಟೇ ಕೆಲಸ. ಆದರೆ ಟಿಸಿಪಿ ಶುರುವಾಗುವ ಮುಂಚೆಯೇ ಎಷ್ಟೊಂದು ನಡೆಯುತ್ತದೆ! ಮೊದಲು ಕರ್ಲ್ ಒಂದು ಐಪಿವಿ6 ಯುಡಿಪಿ (ಕನೆಕ್ಷನ್ ಕಟ್ಟದೆ ಪ್ಯಾಕೆಟ್ ಕಳಿಸುವ ವಿಧಾನ) ಸಾಕೆಟ್ ತೆರೆದು ತಕ್ಷಣ ಮುಚ್ಚುತ್ತದೆ. ಈ ಮಷೀನ್‌ನಲ್ಲಿ ಐಪಿವಿ6 ಇದೆಯಾ ಅಂತ ಕೇಳುವ ರೀತಿ ಅದು. ಆಮೇಲೆ ಸೈಟಿನ ಹೆಸರಿಗೆ ವಿಳಾಸ ಹುಡುಕುವ ಕೆಲಸ (ಡಿಎನ್‌ಎಸ್) ಇನ್ನೊಂದು ಥ್ರೆಡ್‌ಗೆ ಹೋಗುತ್ತದೆ. ಅಲ್ಲಿ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಮೊದಲು ಎನ್‌ಎಸ್‌ಸಿಡಿ ಅನ್ನುವ ಕ್ಯಾಶ್ ಸರ್ವಿಸ್‌ನ ಯುನಿಕ್ಸ್ ಸಾಕೆಟ್‌ಗೆ ಕನೆಕ್ಟ್ ಮಾಡಲು ನೋಡುತ್ತದೆ. ಬಹುತೇಕ ಮಷೀನ್‌ಗಳಲ್ಲಿ ಅದು ಇರುವುದಿಲ್ಲ, ‘ಅಂಥ ಫೈಲ್ ಇಲ್ಲ’ ಅಂತ ಉತ್ತರ ಬರುತ್ತದೆ. ಇದನ್ನು ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಅದು ಮಾಮೂಲಿ.

ನನಗೆ ತುಂಬಾ ಇಷ್ಟವಾದ ಭಾಗ ಇದಾದ ಮೇಲೆ ಬರುತ್ತದೆ. ಡಿಎನ್‌ಎಸ್ ಉತ್ತರದಲ್ಲಿ ನಾಲ್ಕಾರು ವಿಳಾಸ ಬಂದಿದ್ದರೆ ಜಿಲಿಬ್‌ಸಿ ಒಂದು ಯುಡಿಪಿ ಸಾಕೆಟ್ ತೆರೆದು ಒಂದೊಂದೇ ವಿಳಾಸಕ್ಕೆ ಕನೆಕ್ಟ್ ಮಾಡುತ್ತಾ, ಪ್ರತಿ ಸಲ ಸಾಕೆಟ್‌ನ ಈ ಕಡೆಯ ವಿಳಾಸ ಹೇಳುವ ಗೆಟ್‌ಸಾಕ್‌ನೇಮ್ ಕರೆಯುತ್ತಾ ಹೋಗುತ್ತದೆ. ಟಿಸಿಪಿಡಂಪ್ ಹಾಕಿ ನೋಡಿದರೆ ಆ ಹೊತ್ತಿನಲ್ಲಿ ಒಂದು ಪ್ಯಾಕೆಟ್ ಕೂಡ ಹೊರಗೆ ಹೋಗಿರುವುದಿಲ್ಲ. ಯುಡಿಪಿ ಸಾಕೆಟ್ ಮೇಲೆ ಕನೆಕ್ಟ್ ಅಂದರೆ ಯಾರಿಗೂ ಫೋನ್ ಮಾಡುವುದಲ್ಲ. ಕರ್ನಲ್ ಅಲ್ಲಿ ರೂಟಿಂಗ್ ಟೇಬಲ್ ನೋಡಿ, ಆ ವಿಳಾಸಕ್ಕೆ ಹೋಗಬೇಕಾದರೆ ನಮ್ಮ ಕಡೆಯ ಯಾವ ವಿಳಾಸದಿಂದ ಹೊರಡಬೇಕು ಅಂತ ತೀರ್ಮಾನಿಸಿ, ಸಾಕೆಟ್ ಒಳಗೆ ಬರೆದಿಡುತ್ತದೆ, ಅಷ್ಟೇ. ಜಿಲಿಬ್‌ಸಿಗೆ ಬೇಕಿರುವುದೂ ಅದೇ. ಆ ಉತ್ತರ ನೋಡಿ ವಿಳಾಸಗಳ ಸರದಿ ಜೋಡಿಸುತ್ತದೆ. ಪ್ಯಾಕೆಟ್ ಹಿಡಿಯುವ ಟೂಲ್‌ನಲ್ಲಿ ಈ ಕೆಲಸ ಕಾಣುವುದಕ್ಕೇ ಸಾಧ್ಯವಿಲ್ಲ. ಸ್ಟ್ರೇಸ್‌ನಲ್ಲಿ ಕಣ್ಣಮುಂದೆ ಇರುತ್ತದೆ.

ಆಮೇಲೆ ನಿಜವಾದ ಟಿಸಿಪಿ ಸಾಕೆಟ್. ಈ ಒಂದು ಕಾಲ್‌ಗೆ ಲಿನಕ್ಸ್ ಕರ್ನಲ್ ಒಳಗೆ ಎರಡು ವಸ್ತು ಹುಟ್ಟಿಸುತ್ತದೆ. ಒಂದು ಫೈಲ್‌ಗಳ ಜಗತ್ತಿಗೆ ಮುಖ ಮಾಡಿರುವುದು, ಇನ್ನೊಂದು ಟಿಸಿಪಿಯ ಸ್ಥಿತಿ, ಕ್ಯೂ, ಟೈಮರ್ ಎಲ್ಲ ಹಿಡಿದಿರುವುದು. ಕೊನೆಗೆ ಪ್ರೋಗ್ರಾಂ ಕೈಗೆ ಒಂದು ಸಣ್ಣ ನಂಬರ್ ಬರುತ್ತದೆ. ಕರ್ಲ್ ಆ ಸಾಕೆಟ್ಟನ್ನು ನಾನ್‌ಬ್ಲಾಕಿಂಗ್ (ಕಾಯದೆ ತಕ್ಷಣ ವಾಪಸ್ ಬರುವ ಹಾಗೆ) ಮಾಡಿರುತ್ತದೆ. ಹಾಗಾಗಿ ಕನೆಕ್ಟ್ ಕರೆದ ತಕ್ಷಣ -1, ಇಇನ್‌ಪ್ರೋಗ್ರೆಸ್ ಅಂತ ಬರುತ್ತದೆ. ಅದು ಸೋಲಲ್ಲ. ಕನೆಕ್ಷನ್ ಕೇಳುವ ಸಿನ್ ಪ್ಯಾಕೆಟ್ ಕಳಿಸಿದ್ದೇನೆ, ಆಮೇಲೆ ಬಂದು ಕೇಳು ಅಂತ ಕರ್ನಲ್ ಹೇಳುತ್ತಿದೆ. ಪೋಲ್‌ನಲ್ಲಿ ಕಾದು, ಬರೆಯಬಹುದು ಅಂತ ಉತ್ತರ ಬಂದ ಮೇಲೆ ಗೆಟ್‌ಸಾಕ್‌ಆಪ್ಟ್ ಕರೆದು ಎಸ್‌ಓ_ಎರರ್ ಕೇಳಬೇಕು. ಅಲ್ಲಿ ಸೊನ್ನೆ ಬಂದರೆ ಕನೆಕ್ಷನ್ ಆಯಿತು ಅಂತ ಅರ್ಥ. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ತಲೆಗೆ ಹತ್ತದ ಈ ಸರದಿ, ಮೂರು ಸಾಲು ಔಟ್‌ಪುಟ್ ನೋಡಿದರೆ ಹತ್ತುತ್ತದೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವಿಸ್‌ನಲ್ಲಿ ಆಗಾಗ ಯಾವುದೋ ಒಂದು ರಿಕ್ವೆಸ್ಟ್ ಐದು ಸೆಕೆಂಡು ತಡವಾಗುತ್ತಿತ್ತು. ನಾಲ್ಕಲ್ಲ, ಆರಲ್ಲ, ಸರಿಯಾಗಿ ಐದು. ಗ್ರಾಫ್‌ನಲ್ಲಿ ನೋಡಿದರೆ ಆ ಕಡೆಯ ಸರ್ವರ್ ನಿಧಾನ ಅಂತ ಎಲ್ಲರಿಗೂ ಅನಿಸುತ್ತಿತ್ತು. ಸ್ಟ್ರೇಸ್ ಹಚ್ಚಿದಾಗ ಕಂಡದ್ದು ಬೇರೆ. ಸೆಂಡ್‌ಎಂಎಂಎಸ್‌ಜಿ ಅನ್ನುವ ಒಂದೇ ಕಾಲ್‌ನಲ್ಲಿ ಎರಡು ಡಿಎನ್‌ಎಸ್ ಪ್ರಶ್ನೆ ಹೊರಟವು, ಒಂದು ಐಪಿವಿ4 ವಿಳಾಸ ಕೇಳಲು, ಒಂದು ಐಪಿವಿ6 ವಿಳಾಸ ಕೇಳಲು. ಒಂದರ ಉತ್ತರ ಬಂತು. ಇನ್ನೊಂದಕ್ಕೆ ಪೋಲ್ ಕಾದು ಕಾದು, ಕೊನೆಗೆ ‘ಟೈಮ್‌ಔಟ್’ ಅಂತ ಬರೆದು ಮುಗಿಯಿತು. ಜಿಲಿಬ್‌ಸಿಯಲ್ಲಿ ಹೆಸರು ಹುಡುಕುವ ರಿಸಾಲ್ವರ್‌ಗೆ ಮೊದಲಿಂದ ಇರುವ ಗಡುವೇ 5 ಸೆಕೆಂಡು. ಒಂದೇ ಸಾಕೆಟ್‌ನಿಂದ ಒಂದೇ ಕ್ಷಣ ಹೊರಟ ಎರಡು ಯುಡಿಪಿ ಪ್ಯಾಕೆಟ್‌ಗಳು ನ್ಯಾಟ್ (ವಿಳಾಸ ಬದಲಿಸುವ ಹಂತ) ದಾಟುವಾಗ, ಕನೆಕ್ಷನ್‌ಗಳ ಲೆಕ್ಕ ಇಡುವ ಕರ್ನಲ್‌ನ ಕಾನ್‌ಟ್ರ್ಯಾಕ್ ಟೇಬಲ್‌ನಲ್ಲಿ ಒಂದಕ್ಕೊಂದು ಅಡ್ಡ ಬಂದು ಒಂದು ಬಿದ್ದುಹೋಗುತ್ತದೆ. ಇದು ಲಿನಕ್ಸ್‌ನಲ್ಲಿ ಎಷ್ಟೋ ಜನರನ್ನು ಕಾಡಿದ ತೊಂದರೆ. ಡಿಎನ್‌ಎಸ್ ಹೊಂದಿಸುವ ರಿಸಾಲ್ವ್.ಕಾನ್ಫ್ ಫೈಲ್‌ನಲ್ಲಿ ಸಿಂಗಲ್-ರಿಕ್ವೆಸ್ಟ್-ರೀಓಪನ್ ಅಂತ ಒಂದು ಆಯ್ಕೆ ಸೇರಿಸಿದ ಮೇಲೆ ಆ ಐದು ಸೆಕೆಂಡು ಮಾಯವಾಯಿತು. ಪ್ರತಿ ಕಾಲ್‌ಗೆ ಹಿಡಿದ ಸಮಯವನ್ನು ಸಾಲಿನ ಕೊನೆಯಲ್ಲಿ ಬರೆಯುವ ದೊಡ್ಡಕ್ಷರದ -ಟಿ ಆಯ್ಕೆ ಇಲ್ಲದಿದ್ದರೆ ಅದು ಅಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗ ಅದು ತೋರಿಸದ್ದರ ಬಗ್ಗೆ. ಇದನ್ನು ತಿಳಿದುಕೊಳ್ಳದೆ ಸ್ಟ್ರೇಸ್ ಬಳಸಿದರೆ ದಾರಿ ತಪ್ಪುತ್ತೀರಿ.

ಸರ್ವರ್ ಕಡೆ ನೋಡಿ. ಸಾಕೆಟ್, ಬೈಂಡ್, ಲಿಸನ್, ಆಮೇಲೆ ಆಕ್ಸೆಪ್ಟ್4 ಒಂದರ ಹಿಂದೆ ಒಂದು. ಆಕ್ಸೆಪ್ಟ್ ಕರೆದಾಗ ಹ್ಯಾಂಡ್‌ಶೇಕ್ (ಟಿಸಿಪಿ ಕನೆಕ್ಷನ್ ಕಟ್ಟುವ ಮೂರು ಹೆಜ್ಜೆ) ನಡೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಡೆಯುವುದು ಹಾಗಲ್ಲ. ಲಿಸನ್ ಆದ ಮೇಲೆ ಸಿನ್ ಬಂದರೆ ಕರ್ನಲ್ ತಾನೇ ಉತ್ತರ ಕೊಟ್ಟು, ಮೂರು ಹೆಜ್ಜೆ ಮುಗಿಸಿ, ತಯಾರಾದ ಕನೆಕ್ಷನ್ನನ್ನು ಒಂದು ಕ್ಯೂನಲ್ಲಿ ನಿಲ್ಲಿಸುತ್ತದೆ. ಆಕ್ಸೆಪ್ಟ್ ಆ ಕ್ಯೂನ ಮುಂದಿನದನ್ನು ಎತ್ತಿ ಕೊಡುತ್ತದೆ, ಅಷ್ಟೇ ಅದರ ಕೆಲಸ. ಆದ್ದರಿಂದ ನಿಮ್ಮ ಪ್ರೋಗ್ರಾಂ ಪೂರ್ತಿ ಸ್ತಬ್ಧವಾಗಿದ್ದರೂ ಆ ಕಡೆಯವರಿಗೆ ಕನೆಕ್ಟ್ ಆಯಿತು ಅಂತಲೇ ಕಾಣುತ್ತದೆ. ಕ್ಯೂ ತುಂಬಿದರೆ ಲಿನಕ್ಸ್ ಸದ್ದಿಲ್ಲದೆ ಹೊಸದನ್ನು ಬಿಟ್ಟುಬಿಡುತ್ತದೆ. ಆ ಕಡೆಯವರು ಸಿನ್ ಕಳಿಸುತ್ತಲೇ ಇರುತ್ತಾರೆ. ಇದ್ಯಾವುದೂ ಸ್ಟ್ರೇಸ್‌ನಲ್ಲಿ ಬರುವುದಿಲ್ಲ. ಅಲ್ಲಿ ಸಿಸ್ಟಂ ಕಾಲ್ ಒಂದೂ ನಡೆದಿಲ್ಲವಲ್ಲ!

ಇನ್ನೊಂದು ವಿಷಯ. ಲಿಸನ್(4, 65535) = 0 ಅಂತ ಸ್ಟ್ರೇಸ್ ತೋರಿಸಿದರೆ ಅಷ್ಟು ದೊಡ್ಡ ಕ್ಯೂ ಸಿಕ್ಕಿತು ಅಂತ ನಂಬಬೇಡಿ. ಕರ್ನಲ್ ಆ ಸಂಖ್ಯೆಯನ್ನು ಸೋಮ್ಯಾಕ್ಸ್‌ಕಾನ್ ಅನ್ನುವ ಮಿತಿಗೆ ಇಳಿಸುತ್ತದೆ, ಹಾಗೆ ಇಳಿಸಿದ್ದನ್ನು ಹೇಳುವುದೂ ಇಲ್ಲ. ಈ ಮಿತಿ ಬಹುಕಾಲ 128 ಇತ್ತು. ಕರ್ನಲ್ 5.4ರಲ್ಲಿ 4096ಕ್ಕೆ ಏರಿತು. ನಿಜವಾದ ಮಿತಿ ನೋಡಬೇಕಾದರೆ ಸಾಕೆಟ್‌ಗಳ ಪಟ್ಟಿ ತೋರಿಸುವ ಎಸ್‌ಎಸ್ ಕಮಾಂಡ್‌ಗೆ -ಎಲ್‌ಟಿಎನ್ ಕೊಡಿ. ಲಿಸನ್ ಸ್ಥಿತಿಯ ಸಾಲಿನಲ್ಲಿ ಸೆಂಡ್-ಕ್ಯೂ ಕೆಳಗಿರುವುದು ಮಿತಿ, ರಿಸೀವ್-ಕ್ಯೂ ಕೆಳಗಿರುವುದು ಈಗ ಕಾಯುತ್ತಿರುವವು.

ಸೆಂಡ್ ವಿಷಯ ಇದಕ್ಕಿಂತ ಗಂಭೀರ. ಸ್ಟ್ರೇಸ್‌ನಲ್ಲಿ ಸೆಂಡ್‌ಟು ಅಂತ ಕಾಣುತ್ತದೆ, ಯಾಕೆಂದರೆ 64 ಬಿಟ್ ಎಕ್ಸ್86ನಲ್ಲಿ ಸೆಂಡ್ ಅನ್ನುವ ಸಿಸ್ಟಂ ಕಾಲ್ ಇಲ್ಲವೇ ಇಲ್ಲ. ಜಿಲಿಬ್‌ಸಿ ಅದನ್ನು ಸೆಂಡ್‌ಟು ಮಾಡಿಯೇ ಕಳಿಸುತ್ತದೆ. ಸಾಲಿನ ಕೊನೆಯಲ್ಲಿ = 8192 ಅಂತ ಇದ್ದರೆ, ಕರ್ನಲ್ 8192 ಬೈಟ್‌ಗಳನ್ನು ಪ್ರೋಗ್ರಾಂನ ಮೆಮೊರಿಯಿಂದ ತನ್ನ ಸೆಂಡ್ ಬಫರ್‌ಗೆ ನಕಲು ಮಾಡಿಕೊಂಡಿತು ಅಂತ ಮಾತ್ರ ಅರ್ಥ. ಆ ಕಡೆ ತಲುಪಿತು ಅಂತ ಅಲ್ಲ. ನೆಟ್‌ವರ್ಕ್ ಕಾರ್ಡ್‌ನಿಂದ ಹೊರಟಿತು ಅಂತಲೂ ಅಲ್ಲ. ಕೇಬಲ್ ಕಿತ್ತು ಹಾಕಿದರೂ ಸ್ವಲ್ಪ ಹೊತ್ತು ಸೆಂಡ್‌ಟು ಸಂತೋಷವಾಗಿ 8192 ಕೊಡುತ್ತಲೇ ಇರುತ್ತದೆ. ಬಫರ್ ತುಂಬಿದ ಮೇಲೆ ಬ್ಲಾಕ್ ಆಗುತ್ತದೆ. ನಾನ್‌ಬ್ಲಾಕಿಂಗ್ ಸಾಕೆಟ್ ಆದರೆ ‘ಆಮೇಲೆ ಮತ್ತೆ ಪ್ರಯತ್ನಿಸು’ ಅನ್ನುವ ಇಅಗೇನ್ ಬರುತ್ತದೆ. ‘ಸ್ಟ್ರೇಸ್‌ನಲ್ಲಿ ನೋಡಿದೆ, ಡೇಟಾ ಹೋಗಿದೆ’ ಅಂತ ಯಾರಾದರೂ ಹೇಳಿದರೆ ಎಸ್‌ಎಸ್ ತೆರೆದು ಆ ಕನೆಕ್ಷನ್‌ನ ಸೆಂಡ್-ಕ್ಯೂ ನೋಡಲು ಹೇಳಿ. ಆ ಕಡೆಯಿಂದ ಇನ್ನೂ ಒಪ್ಪಿಗೆ ಬರದ ಬೈಟ್‌ಗಳು ಅಲ್ಲಿ ಕುಳಿತಿರುತ್ತವೆ.

ರಿಸೀವ್ ಕೂಡ ಹಾಗೇ. ಪ್ಯಾಕೆಟ್ ಬಂದಾಗ ಅದನ್ನು ತೆಗೆದುಕೊಳ್ಳುವುದು, ಟಿಸಿಪಿ ಸರದಿ ಸರಿಮಾಡುವುದು, ಆ ಕಡೆಗೆ ಒಪ್ಪಿಗೆ ಕಳಿಸುವುದು ಎಲ್ಲ ನಿಮ್ಮ ಪ್ರೋಗ್ರಾಂ ಮಲಗಿದ್ದಾಗಲೇ ಕರ್ನಲ್ ಮುಗಿಸಿರುತ್ತದೆ. ರಿಸೀವ್‌ಫ್ರಮ್ ಆ ಕ್ಯೂನಿಂದ ನಕಲು ಮಾಡಿಕೊಳ್ಳುತ್ತದೆ. ಸೊನ್ನೆ ಬಂದರೆ ಆ ಕಡೆಯವರು ಕಳಿಸುವುದನ್ನು ನಿಲ್ಲಿಸಿದ್ದಾರೆ ಅಂತ. ಸೊನ್ನೆಯನ್ನೂ ಇಅಗೇನ್‌ನನ್ನೂ ಒಂದೇ ಅಂತ ತಿಳಿದ ಕೋಡ್ ಬಿಗಿ ಲೂಪ್‌ಗೆ ಬಿದ್ದು ಸಿಪಿಯು ಪೂರ್ತಿ ತಿನ್ನುತ್ತದೆ. ಸ್ಟ್ರೇಸ್ ಹಚ್ಚಿದ ಕೂಡಲೇ ಸಾವಿರಾರು ಸಾಲು ‘= 0’ ಓಡುವುದು ಕಾಣುತ್ತದೆ. ರೋಗ ಹಿಡಿಯಲು ಬೇರೆ ಯಾವ ಟೂಲೂ ಬೇಕಾಗುವುದಿಲ್ಲ.

ಇದು ಪ್ರೋಗ್ರಾಂಗೂ ಕಾಣದ ಒಂದನ್ನು ತೋರಿಸುತ್ತದೆ ಅನ್ನುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಆಕ್ಸೆಪ್ಟ್‌ನಲ್ಲಿ ಕಾಯುತ್ತಿರುವ ಪ್ರೋಗ್ರಾಂಗೆ ಸಿಗ್ನಲ್ ಬಂದರೆ ಔಟ್‌ಪುಟ್‌ನಲ್ಲಿ ಇರೀಸ್ಟಾರ್ಟ್‌ಸಿಸ್ ಅಂತ ಬರುತ್ತದೆ. ಇದು ಕರ್ನಲ್ ತನ್ನೊಳಗೇ ಇಟ್ಟುಕೊಳ್ಳುವ ಕೋಡ್. ಸಿಗ್ನಲ್ ಹ್ಯಾಂಡ್ಲರ್ ಮುಗಿದ ಮೇಲೆ ಕಾಲ್ ಮತ್ತೆ ಶುರು ಮಾಡಬೇಕಾ, ಇಲ್ಲ ‘ನಡುವೆ ಅಡ್ಡಿ ಬಂತು’ ಅನ್ನುವ ಇಇಂಟರ್ ಎರರ್ ವಾಪಸ್ ಕೊಡಬೇಕಾ ಅಂತ ತೀರ್ಮಾನಿಸಲು ಅದನ್ನು ಬಳಸುತ್ತದೆ. ಪ್ರೋಗ್ರಾಂಗೆ ಆ ಹೆಸರು ಎಂದೂ ತಲುಪುವುದಿಲ್ಲ. ಕಾಲ್ ಮತ್ತೆ ಶುರು ಮಾಡು ಅನ್ನುವ ಎಸ್‌ಎ_ರೀಸ್ಟಾರ್ಟ್ ಫ್ಲ್ಯಾಗ್ ಹಾಕಿದ್ದೇವೋ ಇಲ್ಲವೋ ಅನ್ನುವ ಜಗಳ ಎರಡು ಸಾಲಿನಲ್ಲಿ ತೀರುತ್ತದೆ.

ಆದರೆ ಬೆಲೆ ತೆರಬೇಕು. ಸ್ಟ್ರೇಸ್ ಕೆಲಸ ಮಾಡುವುದು ಪಿಟ್ರೇಸ್ ಮೂಲಕ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ನಿಲ್ಲಿಸಿ ನೋಡಲು ಕರ್ನಲ್ ಕೊಡುವ ಸವಲತ್ತಿನ ಮೂಲಕ. ಪ್ರತಿ ಸಿಸ್ಟಂ ಕಾಲ್‌ಗೆ ಪ್ರೋಗ್ರಾಂ ಎರಡು ಸಲ ನಿಲ್ಲುತ್ತದೆ, ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ನಿಂತಾಗಲೆಲ್ಲ ಸ್ಟ್ರೇಸ್ ಎದ್ದು, ವಿವರ ಓದಿ, ಬರೆದು, ಮುಂದೆ ಹೋಗು ಅನ್ನಬೇಕು. ಸಣ್ಣ ಸಣ್ಣ ಕಾಲ್ ಜಾಸ್ತಿ ಮಾಡುವ ಸರ್ವರ್ ಇದರ ಕೆಳಗೆ ತೆವಳುತ್ತದೆ. ತುಂಬಾ ಟ್ರಾಫಿಕ್ ಇರುವ ಪ್ರೊಡಕ್ಷನ್ ಮಷೀನ್ ಮೇಲೆ ಇದನ್ನು ಹಚ್ಚಬೇಡಿ. ಸ್ಟ್ರೇಸ್ ಹಚ್ಚಿದ್ದರಿಂದಲೇ ಟೈಮ್‌ಔಟ್ ಶುರುವಾಗಿ, ಇಲ್ಲದ ರೋಗಕ್ಕೆ ಮದ್ದು ಹುಡುಕುವ ಹಾಗಾಗುತ್ತದೆ. 2019ರಲ್ಲಿ ಬಂದ ಸ್ಟ್ರೇಸ್‌ನ 5.3ನೇ ಆವೃತ್ತಿಯಿಂದ --ಸೆಕ್‌ಕಾಂಪ್-ಬಿಪಿಎಫ್ ಅನ್ನುವ ಆಯ್ಕೆ ಇದೆ. ನೀವು ಕೇಳಿದ ಕಾಲ್‌ಗಳಿಗೆ ಮಾತ್ರ ನಿಲ್ಲಿಸಿ, ಉಳಿದವನ್ನು ಹಾಗೇ ಹೋಗಲು ಬಿಡುತ್ತದೆ. -ಎಫ್ ಜೊತೆಗೇ ಕೊಡಬೇಕು, ಮೊದಲೇ ಓಡುತ್ತಿರುವ ಪ್ರೋಗ್ರಾಂಗೆ -ಪಿ ಹಾಕಿ ಅಂಟಿಕೊಂಡಾಗ ನಡೆಯುವುದಿಲ್ಲ. ಆದರೂ ನಡೆಯುವ ಕಡೆ ದೊಡ್ಡ ವ್ಯತ್ಯಾಸ ಮಾಡುತ್ತದೆ. ಅದೂ ಭಾರ ಅನ್ನಿಸಿದರೆ ಪರ್ಫ್ ಟ್ರೇಸ್, ಬಿಪಿಎಫ್‌ಟ್ರೇಸ್ ಬಳಸಿ. ಅವು ಪ್ರೋಗ್ರಾಂ ನಿಲ್ಲಿಸದೆ ಕರ್ನಲ್ ಒಳಗಿನಿಂದಲೇ ಲೆಕ್ಕ ತೆಗೆಯುತ್ತವೆ. ಆದರೆ ವಿಳಾಸ, ಆಯ್ಕೆ, ಫ್ಲ್ಯಾಗ್ ಎಲ್ಲವನ್ನೂ ಬಿಡಿಸಿ ಓದುವ ಹಾಗೆ ಬರೆಯುವುದರಲ್ಲಿ ಸ್ಟ್ರೇಸ್ ಸಮಕ್ಕೆ ಅವು ನಿಲ್ಲುವುದಿಲ್ಲ.

ನಿಜವಾದ ಆತಂಕ ಐಓ_ಯುರಿಂಗ್. 2019ರಲ್ಲಿ ಕರ್ನಲ್ 5.1ರ ಜೊತೆ ಬಂತು. ಪ್ರೋಗ್ರಾಂ ಮತ್ತು ಕರ್ನಲ್ ಇಬ್ಬರೂ ಹಂಚಿಕೊಂಡ ಮೆಮೊರಿಯಲ್ಲಿ ‘ಇದನ್ನು ಕಳಿಸು, ಅಲ್ಲಿಂದ ಓದು’ ಅಂತ ಬರೆದಿಟ್ಟರೆ ಸಾಕು, ಒಂದೊಂದಕ್ಕೂ ಸಿಸ್ಟಂ ಕಾಲ್ ಬೇಡ. ವೇಗಕ್ಕೆ ಒಳ್ಳೆಯದೇ. ಆದರೆ ಸ್ಟ್ರೇಸ್‌ಗೆ ಕಾಣುವುದು ಐಓ_ಯುರಿಂಗ್_ಎಂಟರ್ ಅನ್ನುವ ಒಂದು ಸಾಲು ಮಾತ್ರ. ಒಳಗೆ ಏನು ಹೋಯಿತು, ಎಷ್ಟು ಬೈಟ್, ಯಾವ ಎರರ್ ಬಂತು, ಏನೂ ಇಲ್ಲ. ಕರ್ನಲ್ ಥ್ರೆಡ್ ತಾನೇ ಕ್ಯೂ ನೋಡುವ ಹಾಗೆ ಹೊಂದಿಸಿದರೆ ಆ ಸಾಲೂ ಅಪರೂಪ. ಇದು ಸ್ಟ್ರೇಸ್ ಬರೆದವರ ತಪ್ಪಲ್ಲ. ಆದರೂ ಹೊಸ ನೆಟ್‌ವರ್ಕ್ ಲೈಬ್ರರಿಗಳು ಆ ಕಡೆ ವಾಲಿದಷ್ಟೂ ಈ ಟೂಲ್‌ನ ಕಣ್ಣು ಮಂಜಾಗುತ್ತಾ ಹೋಗುತ್ತದೆ. ಇದಕ್ಕೆ ಸಮನಾದ, ಇಷ್ಟೇ ಸುಲಭವಾದ ದಾರಿ ಬೇಗ ಬರಲಿ ಅಂತ ನನ್ನ ಆಸೆ.

ಬೇರೆ ಸಿಸ್ಟಂನವರಿಗೆ ಎರಡು ಮಾತು. ಫ್ರೀಬಿಎಸ್‌ಡಿಯಲ್ಲಿ ಟ್ರಸ್ ಮತ್ತು ಕೆಟ್ರೇಸ್ ಇವೆ, ಇದೇ ಬಗೆಯ ಕೆಲಸಕ್ಕೆ ಸಾಕು. ವಿಂಡೋಸ್‌ನಲ್ಲಿ ಈ ರೀತಿ ಹುಡುಕಬೇಡಿ. ಅಲ್ಲಿ ಕನೆಕ್ಟ್, ಸೆಂಡ್ ಅನ್ನುವ ಸಿಸ್ಟಂ ಕಾಲ್‌ಗಳೇ ಇಲ್ಲ. ವಿನ್‌ಸಾಕ್ ಲೈಬ್ರರಿ ಅವನ್ನೆಲ್ಲ ಎಎಫ್‌ಡಿ ಅನ್ನುವ ಡ್ರೈವರ್‌ಗೆ ಡಿವೈಸ್ ಕಂಟ್ರೋಲ್ ಕಾಲ್ ಮಾಡಿ ಕಳಿಸುತ್ತದೆ.

ಕೊನೆಗೆ, ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸವಲತ್ತು. ಸ್ಟ್ರೇಸ್ ನೋಡುವುದಷ್ಟೇ ಅಲ್ಲ, ಕೆಡಿಸಲೂ ಬಲ್ಲದು. ‘-ಇ ಇಂಜೆಕ್ಟ್=ಕನೆಕ್ಟ್:ಎರರ್=ಇಟೈಮ್ಡ್‌ಔಟ್:ವೆನ್=3’ ಅಂತ ಕೊಟ್ಟರೆ ಮೂರನೇ ಕನೆಕ್ಟ್ ಸೋಲುತ್ತದೆ. ಕಾಲ್ ನಂಬರನ್ನೇ ಇಲ್ಲದ ನಂಬರ್‌ಗೆ ಬದಲಿಸಿಬಿಡುವುದರಿಂದ ಕರ್ನಲ್ ಆ ಕೆಲಸ ಮಾಡುವುದೇ ಇಲ್ಲ. ಹೊರಗೆ ಬರುವಾಗ ನೀವು ಹೇಳಿದ ಎರರ್ ಪ್ರೋಗ್ರಾಂ ಕೈಗೆ ಹೋಗುತ್ತದೆ. ಔಟ್‌ಪುಟ್‌ನಲ್ಲಿ ಆ ಸಾಲಿನ ಪಕ್ಕ ‘ಇಂಜೆಕ್ಟೆಡ್’ ಅಂತ ಗುರುತೂ ಇರುತ್ತದೆ. ಡಿಲೇ_ಎಂಟರ್ ಕೊಟ್ಟು ಪ್ರತಿ ಸೆಂಡ್‌ಟು ತಡ ಮಾಡಿಸಬಹುದು. ರೆಟ್‌ವಾಲ್=0 ಕೊಟ್ಟು, ಆ ಕಡೆಯವರು ನಡುವೆಯೇ ಕನೆಕ್ಷನ್ ಮುಚ್ಚಿದ ಹಾಗೆ ರಿಸೀವ್‌ಫ್ರಮ್‌ನಿಂದ ಸೊನ್ನೆ ಬರಿಸಬಹುದು. ಕೋಡ್‌ನ ಒಂದು ಸಾಲೂ ಮುಟ್ಟಬೇಕಾಗಿಲ್ಲ, ನೆಟ್‌ವರ್ಕ್ ಕಿತ್ತು ಹಾಕಬೇಕಾಗಿಲ್ಲ. ಯಾವುದೇ ಹೊಸ ಕ್ಲೈಂಟ್ ಲೈಬ್ರರಿ ನನ್ನ ಕೈಗೆ ಬಂದರೂ ಮೊದಲು ಈ ಮೂರನ್ನು ಕೊಟ್ಟು ನೋಡುತ್ತೇನೆ. ರಿಟ್ರೈ ಮಾಡುತ್ತೇವೆ ಅಂತ ಅದರ ಡಾಕ್ಯುಮೆಂಟೇಶನ್‌ನಲ್ಲಿ ಬರೆದದ್ದು ನಿಜವೋ ಅಂತ ಆಗಲೇ ಗೊತ್ತಾಗುತ್ತದೆ.